ಕುಂಟುವ ಹ್ಯಾರಿಯರ್: ಬದಲಿ ಭಾಗ ಹಾಕಿದ ಮೇಲೆ ಬರುವ ದೋಷ ಹುಡುಕುವ ಬಗೆ

ಗಾಜಿನ ಮೇಲೆ ಇಟ್ಟರೆ ಬಲಗಡೆಯ ಪುಟ್ಟ ಚಕ್ರ ನೆಲ ಮುಟ್ಟುತ್ತಿರಲಿಲ್ಲ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ವಿಮಾನ ಟಕ್ ಎಂದು ಬಲಕ್ಕೆ ವಾಲಿ, ಮತ್ತೆ ಎಡಕ್ಕೆ ಬಂದು ಕೂರುತ್ತಿತ್ತು. ಖಾನಾವಳಿಯ ಕುಂಟ ಮೇಜಿನ ಹಾಗೆ. ನಿಂತಲ್ಲಿಂದಲೇ ಏರಬಲ್ಲ ಯುದ್ಧವಿಮಾನ ಸೀ ಹ್ಯಾರಿಯರ್‌ನ 1:72 ಅಳತೆಯ ಪ್ಲಾಸ್ಟಿಕ್ ಮಾದರಿ ಅದು. ಕಿಟ್‌ನ ಮೂಲ ಭಾಗಗಳು ಸಪ್ಪೆ ಎನಿಸಿ ರೆಸಿನ್‌ನ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ರಾಳ) ಗಾಳಿಬಾಯಿ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಬಾಯಿ, ಗಾಳಿ ಹೊರಗೆ ಬರುವ ರೆಸಿನ್ ನಾಜಲ್, ಲೋಹದ ಕಾಲು ಎಲ್ಲಾ ತರಿಸಿ ಹಾಕಿದ್ದೆ. ಕಿಟ್‌ಗಿಂತ ಬದಲಿ ಭಾಗಗಳಿಗೇ ಜಾಸ್ತಿ ದುಡ್ಡು ಹೋಗಿತ್ತು. ಕೊನೆಗೆ ಕುಂಟು.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್‌ನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇದ್ದೇನೆ. ದಿನವಿಡೀ ಬೇರೆಯವರು ಮಾಡಿದ ತಪ್ಪನ್ನು ಅಳೆಯುವುದೇ ಕೆಲಸ. ಆದರೂ ಸ್ವಂತ ಮೇಜಿನ ಮೇಲಿನ ತಪ್ಪು ಸಿಗಲು ಮೂರು ವಾರ ಬೇಕಾಯಿತು. ಆ ಮೂರು ವಾರ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಹ್ಯಾರಿಯರ್ ಕುಟುಂಬದ ಯಾವ ಮಾದರಿಗಾದರೂ ಇದು ಹೊಂದುತ್ತದೆ.

ಮೊದಲು ನಿಜವಾದ ವಿಮಾನ ಅರ್ಥವಾಗಬೇಕು

ಬೇರೆ ಜೆಟ್ ಮಾದರಿ ಮಾಡುವಾಗ ವಿಮಾನದ ಒಳಗೆ ಏನಿದೆ ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಹ್ಯಾರಿಯರ್‌ನಲ್ಲಿ ನಡೆಯಲ್ಲ. ಒಂದು ಕಡೆಯ ತಪ್ಪು ಇನ್ನೊಂದು ಕಡೆ ಹೋಗಿ ಕಾಣಿಸಿಕೊಳ್ಳುತ್ತದೆ.

ಇದರಲ್ಲಿ ಒಂದೇ ಎಂಜಿನ್, ಹೆಸರು ಪೆಗಸಸ್. ಮೊದಲು ಬ್ರಿಸ್ಟಲ್ ಸಿಡ್ಲಿ ಮಾಡಿದ್ದು, ಮುಂದೆ ರೋಲ್ಸ್ ರಾಯ್ಸ್ ಕೈಗೆ ಹೋಯಿತು. ಎಂಜಿನ್ನಿನ ಗಾಳಿ ಹಿಂದೆ ಒಂದೇ ತೂತಿನಿಂದ ಹೋಗುವುದಿಲ್ಲ. ಹೊಟ್ಟೆಯ ಎರಡೂ ಪಕ್ಕದಲ್ಲಿ ಎರಡೆರಡು, ಒಟ್ಟು ನಾಲ್ಕು ನಾಜಲ್‌ಗಳಿಂದ ಹೋಗುತ್ತದೆ. ಮುಂದಿನ ಎರಡರಲ್ಲಿ ಫ್ಯಾನಿನ ತಣ್ಣನೆ ಗಾಳಿ, ಹಿಂದಿನ ಎರಡರಲ್ಲಿ ಟರ್ಬೈನ್ ದಾಟಿ ಬಂದ ಬಿಸಿ ಗಾಳಿ. ನಾಲ್ಕನ್ನೂ ಕೆಳಗೆ ತಿರುಗಿಸಿದರೆ ವಿಮಾನ ಎದ್ದು ನಿಲ್ಲುತ್ತದೆ, ಹಿಂದೆ ತಿರುಗಿಸಿದರೆ ಮುಂದೆ ಓಡುತ್ತದೆ. ಗಾಳಿಯನ್ನು ತಿರುಗಿಸಿ ಎತ್ತುವ ಈ ಯೋಚನೆಯ ಬೀಜ ಫ್ರಾನ್ಸಿನ ಮಿಶೆಲ್ ವಿಬೋ ಅವರದ್ದು. ಹಾಕರ್ ಕಂಪನಿಯ ಪಿ.1127 ಎಂಬ ಪ್ರಯೋಗದ ವಿಮಾನ 1960ರ ಅಕ್ಟೋಬರ್ 21ರಂದು ಹಗ್ಗ ಕಟ್ಟಿಕೊಂಡೇ ಮೊದಲ ಸಲ ನೆಲ ಬಿಟ್ಟಿತು. ಅದರ ಮೊಮ್ಮಗ ಹ್ಯಾರಿಯರ್ 1969ರಲ್ಲಿ ಬ್ರಿಟಿಷ್ ವಾಯುಪಡೆ ಸೇರಿತು. ಹಡಗಿಗೆ ಅಂತ ಮಾಡಿದ ಸೀ ಹ್ಯಾರಿಯರ್ ಮೊದಲು ಹಾರಿದ್ದು 1978ರಲ್ಲಿ.

ಇನ್ನೆರಡು ವಿಷಯ ನೆನಪಿರಲಿ. ಒಂದು, ಎಂಜಿನ್ ರೆಕ್ಕೆಯ ಅಡಿಯಲ್ಲಿ ಕೂತಿದೆ. ನಿಜವಾದ ವಿಮಾನದಲ್ಲಿ ಎಂಜಿನ್ ಬದಲಿಸಬೇಕಾದರೆ ಮೊದಲು ಇಡೀ ರೆಕ್ಕೆಯನ್ನು ಕಳಚಿ ಎತ್ತಬೇಕು. ಎರಡು, ಚಕ್ರಗಳ ಲೆಕ್ಕ. ಹೊಟ್ಟೆಯ ಪಕ್ಕಗಳಲ್ಲಿ ನಾಜಲ್ ಇರುವುದರಿಂದ ಮುಖ್ಯ ಚಕ್ರಗಳನ್ನು ಅಲ್ಲಿ ಇಡಲು ಜಾಗವಿಲ್ಲ. ಹಾಗಾಗಿ ಸೈಕಲ್ಲಿನಂತೆ ಮುಂದೊಂದು ಚಕ್ರ, ನಡುವೆ ಒಂದು ಜೋಡಿ ಚಕ್ರ, ಎಲ್ಲವೂ ನಡುಗೆರೆಯ ಮೇಲೆ. ಪಕ್ಕಕ್ಕೆ ಬೀಳದಂತೆ ರೆಕ್ಕೆಯ ತುದಿಯ ಹತ್ತಿರ ಒಂದೊಂದು ಪುಟ್ಟ ಚಕ್ರ. ಇವಕ್ಕೆ ಔಟ್‌ರಿಗರ್ ಅನ್ನುತ್ತಾರೆ. ಮಕ್ಕಳ ಸೈಕಲ್ಲಿಗೆ ಹಿಂದೆ ಎರಡು ಪುಟ್ಟ ಗಾಲಿ ಕಟ್ಟುತ್ತೇವಲ್ಲ, ಅದೇ ಕೆಲಸ.

ಅಂದರೆ ನೆಲ ಮುಟ್ಟುವುದು ನಾಲ್ಕು ಕಡೆ. ಮೂರು ಕಾಲಿನ ಸ್ಟೂಲ್ ಯಾವತ್ತೂ ಕುಂಟುವುದಿಲ್ಲ, ನಾಲ್ಕು ಕಾಲಿನದು ಕುಂಟುತ್ತದೆ. ಬೇರೆ ಜೆಟ್‌ಗಳು ಮೂರು ಕಾಲಿನ ಸ್ಟೂಲ್.

ಕುಂಟು: ಎಲ್ಲಿಂದ ಶುರು ಮಾಡಬೇಕು

ಮೊದಲು ನೆಲ ಸರಿ ಇದೆಯಾ ನೋಡಿ. ನಗಬೇಡಿ. ಊಟದ ಮೇಜು, ಡ್ರಾಯಿಂಗ್ ಬೋರ್ಡ್ ಯಾವುದೂ ಸಪಾಟಾಗಿ ಇರುವುದಿಲ್ಲ. ಐದು ಮಿಲಿಮೀಟರ್ ದಪ್ಪದ ಗಾಜಿನ ತುಂಡು ಸಾಕು. ಗ್ಲಾಸ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚೂರು ಕೇಳಿದರೆ ಸುಮ್ನೆ ಕೊಡುತ್ತಾರೆ. ಅಂಚು ಉಜ್ಜಿಸಿಕೊಂಡು ಬನ್ನಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ.

ಗಾಜಿನ ಮೇಲೆ ವಿಮಾನ ಇಟ್ಟು, ಒಂದೊಂದು ಚಕ್ರದ ಕೆಳಗೂ ಫೀಲರ್ ಗೇಜ್ (ಸಂದು ಅಳೆಯುವ ತೆಳ್ಳನೆ ಲೋಹದ ಪಟ್ಟಿ) ತೂರಿಸಿ ನೋಡಿ. ಗೇಜ್ ಇಲ್ಲದಿದ್ದರೆ ಕಾಗದದ ಪಟ್ಟಿ. ಸಾಮಾನ್ಯ ಜೆರಾಕ್ಸ್ ಕಾಗದ ಸುಮಾರು 0.1 ಮಿ.ಮೀ. ದಪ್ಪ. ಎಷ್ಟು ಪಟ್ಟಿ ಹಿಡಿಯಿತು ಅಂತ ಎಣಿಸಿದರೆ ಅಂತರ ಸಿಕ್ಕಿತು.

ಈಗ ಯಾವ ಚಕ್ರ ಎದ್ದಿದೆ ಎಂಬುದೇ ದಾರಿ ತೋರಿಸುತ್ತದೆ. ಎರಡೂ ಔಟ್‌ರಿಗರ್‌ಗಳು ಗಾಳಿಯಲ್ಲಿ ತೂಗುತ್ತಿದ್ದರೆ ನಡುವಿನ ಕಾಲು ಉದ್ದವಾಗಿದೆ. ಅದರ ಗುಳಿಯಲ್ಲಿ ಹಳೆಯ ಅಂಟು ಉಳಿದು ಕಾಲು ಪೂರ್ತಿ ಒಳಗೆ ಹೋಗಿರುವುದಿಲ್ಲ. ಔಟ್‌ರಿಗರ್ ಎರಡೂ ನೆಲ ಮುಟ್ಟಿ ನಡುವಿನ ಜೋಡಿ ಚಕ್ರ ಎದ್ದಿದ್ದರೆ ಉಲ್ಟಾ: ನಡುವಿನ ಕಾಲು ಗಿಡ್ಡ. ಲೋಹದ ಕಾಲು ಹಾಕುವವರು ಕಾಲಿನ ತುದಿಯನ್ನು ಜಾಸ್ತಿ ಉಜ್ಜಿದಾಗ ಹೀಗಾಗುತ್ತದೆ. ಈ ಎರಡೂ ಸುಲಭದ ಕೇಸು. ಅರ್ಧ ಗಂಟೆ ಕೆಲಸ.

ಕಷ್ಟ ಇರುವುದು ಒಂದೇ ಔಟ್‌ರಿಗರ್ ಎದ್ದಾಗ. ನನ್ನದರಲ್ಲಿ ಬಲಗಡೆ 1.1 ಮಿ.ಮೀ. ಎದ್ದಿತ್ತು. ನನಗೆ ಹೊಳೆದ ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ: ಬಲಗಾಲು ಗಿಡ್ಡ ಇದೆ, ಒಂದು ಮಿಲಿಮೀಟರ್ ಪ್ಲಾಸ್ಟಿಕ್ ಚೂರು ಕೊಟ್ಟು ಉದ್ದ ಮಾಡೋಣ. ಮಾಡಿದೆ. ಕುಂಟು ನಿಂತಿತು. ಆದರೆ ಎದುರಿನಿಂದ ನೋಡಿದರೆ ವಿಮಾನದ ಬಲ ರೆಕ್ಕೆ ಎಡಕ್ಕಿಂತ ಮೇಲಿತ್ತು. ಒಂದು ಭುಜ ಎತ್ತಿಕೊಂಡು ನಿಂತ ಮನುಷ್ಯನ ಹಾಗೆ. ಚೂರು ತೆಗೆದು ಬೇರೆ ಲೋಹದ ಕಾಲು ತರಿಸಿದೆ. ಅದು ಬರಲು ಹನ್ನೆರಡು ದಿನ. ಹಾಕಿ ನೋಡಿದರೆ ಅದೇ 1.1.

ತರಿಸುವ ಮೊದಲೇ ಮಾಡಬೇಕಿದ್ದ ಒಂದು ಪರೀಕ್ಷೆ ಇದೆ. ಎಡಗಾಲನ್ನು ಬಲಕ್ಕೆ, ಬಲಗಾಲನ್ನು ಎಡಕ್ಕೆ ಹಾಕಿ ನೋಡುವುದು. ಅಂಟು ಬೇಡ, ಬ್ಲೂ ಟ್ಯಾಕ್ ಥರದ ಮೆತ್ತನೆಯದರಲ್ಲಿ ಸಿಕ್ಕಿಸಿದರೆ ಸಾಕು. ದೋಷ ಕಾಲಿನ ಜೊತೆ ಎಡಕ್ಕೆ ಹೋದರೆ ಕಾಲಿನದೇ ತಪ್ಪು. ದೋಷ ಬಲಗಡೆಯೇ ಉಳಿದರೆ ಕಾಲು ನಿರಪರಾಧಿ. ಶಾಪ್‌ನಲ್ಲಿ ವಾರಕ್ಕೆ ಎರಡು ಸಲ ಈ ಅದಲು ಬದಲು ಮಾಡುತ್ತೇನೆ. ಮನೆಯಲ್ಲಿ ಮಾತ್ರ ಹೊಳೆಯಲಿಲ್ಲ. ದುಡ್ಡು ಹೋದ ಮೇಲೆ ಹೊಳೆಯಿತು.

ಅದಲು ಬದಲು ಮಾಡಿದೆ. ದೋಷ ಬಲಗಡೆಯೇ ಉಳಿಯಿತು.

ಹಾಗಾದರೆ ಕಾಲು ಹಿಡಿದಿರುವ ರೆಕ್ಕೆ. ಹ್ಯಾರಿಯರ್ ರೆಕ್ಕೆ ಬುಡದಿಂದ ತುದಿಗೆ ಕೆಳಗೆ ಇಳಿಯುತ್ತದೆ, ಮನೆಯ ಮಾಡಿನ ಹಾಗೆ. ಬಿಸಿಲಿಗೆ ಒಂದು ಕಡೆ ಬಾಗಿರಬಹುದು ಅಂದುಕೊಂಡೆ. ನನ್ನ ಕಿಟ್‌ನಲ್ಲಿ ಮೇಲಿನ ರೆಕ್ಕೆ ಒಂದೇ ತುಂಡು. ಬಿಡಿ ರೆಕ್ಕೆಯನ್ನು ಗಾಜಿನ ಮೇಲೆ ಕವುಚಿ ಇಟ್ಟು ಎರಡೂ ತುದಿ ಅಳೆದೆ. ವ್ಯತ್ಯಾಸ ಕಾಗದದ ಒಂದು ಪಟ್ಟಿಯಷ್ಟೂ ಇಲ್ಲ. ರೆಕ್ಕೆಯೂ ನಿರಪರಾಧಿ.

ಉಳಿದದ್ದು ರೆಕ್ಕೆ ಕೂರುವ ಪೀಠ, ಅಂದರೆ ಹೊಟ್ಟೆಯ ಮೇಲ್ಭಾಗ. ಇಲ್ಲಿ ಸ್ವಲ್ಪ ಲೆಕ್ಕ ಮಾಡಿ. ನನ್ನ ಕಿಟ್‌ನಲ್ಲಿ ಪೀಠದ ಅಗಲ ಸುಮಾರು 20 ಮಿ.ಮೀ. ನಡುಗೆರೆಯಿಂದ ಔಟ್‌ರಿಗರ್‌ಗೆ ಸುಮಾರು 47 ಮಿ.ಮೀ. ಪೀಠದ ಬಲ ಅಂಚು ಬರೀ 0.4 ಮಿ.ಮೀ. ಎದ್ದರೆ, ಎಡ ಅಂಚಿನಿಂದ ತೂಗಿ ಬಲ ಔಟ್‌ರಿಗರ್ ಹತ್ತಿರ ಹತ್ತಿರ 1.1 ಮಿ.ಮೀ. ಮೇಲೆ ಹೋಗುತ್ತದೆ. ಬುಡದಲ್ಲಿ ಕಣ್ಣಿಗೆ ಕಾಣದ ತಪ್ಪು ತುದಿಯಲ್ಲಿ ಕಾಲು ಎತ್ತುತ್ತದೆ.

ಹೊಟ್ಟೆಯ ಎರಡು ಹೋಳುಗಳನ್ನು ಒಳಗೆ ಏನೂ ಇಲ್ಲದೆ ಟೇಪ್ ಸುತ್ತಿ ಜೋಡಿಸಿದರೆ ರೆಕ್ಕೆ ಸರಿಯಾಗಿ ಕೂರುತ್ತಿತ್ತು. ರೆಸಿನ್ ಗಾಳಿಬಾಯಿಯ ಬ್ಲಾಕನ್ನು ಒಳಗಿಟ್ಟು ಜೋಡಿಸಿದರೆ ಬಲ ಅಂಚು ಏಳುತ್ತಿತ್ತು. ಬ್ಲಾಕನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಬಲಭುಜದ ಮೇಲೆ ಒಂದು ಸಣ್ಣ ಗಡ್ಡೆ. ಎರಕದಲ್ಲಿ ರೆಸಿನ್ ಸುರಿದ ಕೊಂಡಿಯನ್ನು ಕತ್ತರಿಸಿದ ಗುರುತು. ಅರ್ಧ ನಿಮಿಷ ವಾಟರ್ ಪೇಪರ್‌ನಲ್ಲಿ ಉಜ್ಜಿದೆ. ಮೂರು ವಾರದ ಕುಂಟು ಹೋಯಿತು.

ಬೀಡು ಎರಕದ ಊರಿನಲ್ಲಿ ಇದ್ದುಕೊಂಡು ಗಡ್ಡೆ ಉಜ್ಜದೆ ಭಾಗ ಜೋಡಿಸಿದ್ದೆ. ಉದ್ಯಮಬಾಗದ ಯಾವ ಹುಡುಗನನ್ನು ಕೇಳಿದರೂ ಫೆಟ್ಲಿಂಗ್ ಆಗದ, ಅಂದರೆ ಗಡ್ಡೆ ಉಜ್ಜಿ ತೆಗೆಯದ, ಕಾಸ್ಟಿಂಗನ್ನು ಮುಂದೆ ಕಳಿಸಬಾರದು ಅಂತ ಹೇಳುತ್ತಾನೆ.

ಆದ್ದರಿಂದ ಹ್ಯಾರಿಯರ್ ಮಾಡುವವರು ಒಳಗಿನ ಭಾಗಗಳನ್ನು ಅಂಟಿಸುವ ಮೊದಲೇ ಇಡೀ ವಿಮಾನವನ್ನು ಟೇಪಿನಲ್ಲಿ ಜೋಡಿಸಿ, ಕಾಲುಗಳ ಮೇಲೆ ನಿಲ್ಲಿಸಿ ನೋಡಬೇಕು. ನನ್ನ ಅದೃಷ್ಟಕ್ಕೆ ರೆಕ್ಕೆಗೆ ಬರೀ ಎರಡು ಚುಕ್ಕೆ ಅಂಟು ಹಾಕಿದ್ದೆ. ಪೂರ್ತಿ ಅಂಟಿಸಿದ್ದರೆ, ನಿಜವಾದ ಮೆಕ್ಯಾನಿಕ್‌ಗಳ ಪಾಡೇ ನನ್ನದೂ: ಎಂಜಿನ್ ಹತ್ತಿರ ಹೋಗಬೇಕಾದರೆ ರೆಕ್ಕೆ ಕೀಳಬೇಕು.

ಗಾಳಿಬಾಯಿ ಮತ್ತು ಹೊಟ್ಟೆಯ ನಡುವೆ ಮೆಟ್ಟಿಲು

ಕುಂಟು ಹೋದ ಮೇಲೆ ಇನ್ನೊಂದು ಕಾಣಿಸಿತು. ರೆಸಿನ್ ಗಾಳಿಬಾಯಿಯ ಹೊರ ಅಂಚು ಹೊಟ್ಟೆಯ ಅಂಚಿಗಿಂತ ಸುತ್ತಲೂ ಒಳಗಿತ್ತು. ಉಗುರು ಎಳೆದರೆ ಮೆಟ್ಟಿಲು ಸಿಗುತ್ತದೆ. ಒಂದು ಕಡೆ ಮಾತ್ರ ಮೆಟ್ಟಿಲು ಇದ್ದರೆ ಅದು ಜೋಡಣೆಯ ತಪ್ಪು. ಸುತ್ತಲೂ ಒಂದೇ ಸಮ ಇದ್ದರೆ ಭಾಗವೇ ಚಿಕ್ಕದು.

ವರ್ನಿಯರ್ ಹಿಡಿದೆ. ಕಿಟ್‌ನ ಮೂಲ ಭಾಗ 22.4 ಮಿ.ಮೀ., ರೆಸಿನ್ 21.9. ಶೇಕಡಾ 2ಕ್ಕಿಂತಲೂ ಹೆಚ್ಚು ಚಿಕ್ಕದು. ನಮ್ಮ ಶಾಪ್‌ಗೆ ಎರಕದ ಅಚ್ಚು ತೆಗೆಯಲು ಮರದ ಪ್ಯಾಟರ್ನ್ ಮಾಡಿಕೊಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಕಾಕಾ ಅನ್ನುತ್ತೇವೆ. ಊಟದ ಹೊತ್ತಿನಲ್ಲಿ ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡೂ ಭಾಗ ಪಕ್ಕಪಕ್ಕ ಹಿಡಿದರು.

"ತಮ್ಮಾ, ಇದು ಕಾಸ್ಟಿಂಗ್ ಮ್ಯಾಲ ಕಾಸ್ಟಿಂಗ್ ತಗದದ್ದು ಐತಿ. ಗೆರಿ ನೋಡು, ಎಲ್ಲಾ ಸವದಾವು."

"ಒಮ್ಮೆ ತಗದ್ರ ಇಷ್ಟ್ ಕುಗ್ಗೂದಿಲ್ಲೇನ್ ಕಾಕಾ?"

"ಬೀಡು ಆದ್ರ ಮೀಟರಿಗೆ ಹತ್ತು ಮಿಲಿಮೀಟರ್ ಹಿಡೀತೀವಿ ನಾವು. ನಿನ್ನ ಈ ರಾಳ ಅಷ್ಟೂ ಕುಗ್ಗಂಗಿಲ್ಲ ಅನಸ್ತದ. ಇದು ಎರಡ್ಮೂರು ಸಲ ನಕಲ್ ಆಗೇತಿ."

ಪ್ಯಾಟರ್ನ್ ಮಾಡುವವರ ಅಳತೆಪಟ್ಟಿಯೇ ಬೇರೆ ಇರುತ್ತದೆ. ಲೋಹ ತಣ್ಣಗಾಗಿ ಕುಗ್ಗುವಷ್ಟನ್ನು ಮೊದಲೇ ಸೇರಿಸಿ ಗೆರೆ ಹಾಕಿರುತ್ತಾರೆ. ಮೂಲ ಅಚ್ಚು ಮಾಡಿದವನು ಈ ಲೆಕ್ಕ ಹಿಡಿದಿರುತ್ತಾನೆ. ಆದರೆ ಯಾರೋ ಆ ಭಾಗ ಕೊಂಡು, ಅದನ್ನೇ ಅಚ್ಚಿಗೆ ಒತ್ತಿ ಇನ್ನೊಂದು ತೆಗೆದರೆ ಲೆಕ್ಕ ತಪ್ಪುತ್ತದೆ. ಅದರ ಮೇಲೆ ಮತ್ತೊಂದು ತೆಗೆದರೆ ಇನ್ನಷ್ಟು. ಕಮ್ಮಿ ಬೆಲೆಗೆ ಸಿಗುವ ನಕಲಿ ರೆಸಿನ್ ಭಾಗಗಳ ಗುರುತು ಇವೇ: ಗೆರೆಗಳು ಮೊಂಡು, ಮೂಲೆಯಲ್ಲಿ ಗಾಳಿಗುಳ್ಳೆ, ಅಳತೆ ಎಲ್ಲಾ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಚಿಕ್ಕದು.

ಕುಗ್ಗುವಿಕೆ ದೊಡ್ಡ ಭಾಗದಲ್ಲಷ್ಟೇ ಕಾಣುತ್ತದೆ. 22 ಮಿ.ಮೀ.ಗೆ ಶೇಕಡಾ 2 ಅಂದರೆ ಅರ್ಧ ಮಿಲಿಮೀಟರ್ ಹತ್ತಿರ. ಅದೇ 2 ಮಿ.ಮೀ. ಗೂಟಕ್ಕೆ ಶೇಕಡಾ 2 ಅಂದರೆ ಕಣ್ಣಿಗೂ ಕಾಣದು, ಕೈಗೂ ಸಿಗದು. ಹಾಗಾಗಿ ನಾಜಲ್ ಗೂಟ ಸಡಿಲ ಇದ್ದರೆ ಕುಗ್ಗಿದೆ ಅಂತ ಬೈಯಬೇಡಿ, ನೀವೇ ತೂತು ದೊಡ್ಡದು ಕೊರೆದಿದ್ದೀರಿ.

ಚಿಕ್ಕ ಗಾಳಿಬಾಯಿಯನ್ನು ದೊಡ್ಡದು ಮಾಡಲು ಆಗಲ್ಲ. ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಪುಟ್ಟಿ ತುಂಬಿ ಉಜ್ಜಬಹುದು. ನಾನು ಹಾಗೇ ಮಾಡಿದೆ, ಎರಡು ಭಾನುವಾರ ಹೋಯಿತು. ನಿಜ ಹೇಳಬೇಕೆಂದರೆ ಕಿಟ್‌ನ ಮೂಲ ಗಾಳಿಬಾಯಿಯೇ ಸಾಕಿತ್ತು. ಅದರಲ್ಲಿ ಒಂದೇ ಕೊರತೆ, ಸುತ್ತಲಿನ ಸಣ್ಣ ಬಾಗಿಲುಗಳು. ಹ್ಯಾರಿಯರ್ ನಿಧಾನಕ್ಕೆ ಹಾರುವಾಗ ಜಾಸ್ತಿ ಗಾಳಿ ಬೇಕು ಅಂತ ಗಾಳಿಬಾಯಿಯ ಸುತ್ತ ಬಾಗಿಲುಗಳ ಸಾಲು ಇದೆ. ಒಳಗೆ ಸೆಳೆತ ಹುಟ್ಟಿದಾಗ ತಾವಾಗಿಯೇ ಒಳಕ್ಕೆ ತೆರೆಯುತ್ತವೆ. ಎಂಜಿನ್ ನಿಂತಾಗ ಅವನ್ನು ಹಿಡಿಯುವವರಿಲ್ಲ. ಮೇಲಿನವು ತಮ್ಮ ಭಾರಕ್ಕೆ ಒಳಗೆ ಜೋತು ಬೀಳುತ್ತವೆ, ಕೆಳಗಿನವು ಮುಚ್ಚಿಕೊಂಡೇ ಇರುತ್ತವೆ. ಎಷ್ಟೋ ಕಿಟ್‌ಗಳಲ್ಲಿ ಎಲ್ಲಾ ಬಾಗಿಲೂ ಮುಚ್ಚಿವೆ. ಮೇಲಿನ ಎರಡು ಮೂರನ್ನು ಚೂಪು ಬ್ಲೇಡಿನಲ್ಲಿ ಕೆರೆದು ಒಳಗೆ ತಳ್ಳಿದರೆ ಮುಗಿಯಿತು. ಅದಕ್ಕೆ ಪಾರ್ಸೆಲ್ ತರಿಸುವುದು ಬೇಡ.

ನಾಲ್ಕು ನಾಜಲ್, ನಾಲ್ಕು ದಿಕ್ಕು

ಇದು ಪಕ್ಕದಿಂದ ನೋಡಿದ ತಕ್ಷಣ ಕಾಣುವ ದೋಷ, ಆದರೂ ಮಾಡಿದವರಿಗೇ ಕಾಣುವುದಿಲ್ಲ. ಮುಂದಿನದು ಸ್ವಲ್ಪ ಕೆಳಗೆ, ಹಿಂದಿನದು ಅಡ್ಡ. ನಿಜವಾದ ವಿಮಾನದಲ್ಲಿ ಇದು ಸಾಧ್ಯವೇ ಇಲ್ಲ. ಪೈಲಟ್‌ನ ಎಡಗೈ ಹತ್ತಿರ ಥ್ರಾಟಲ್ ಪಕ್ಕದಲ್ಲಿ ಒಂದು ಹಿಡಿ ಇರುತ್ತದೆ. ಅದನ್ನು ಸರಿಸಿದರೆ ಗಾಳಿಯಿಂದ ನಡೆಯುವ ಮೋಟಾರ್ ತಿರುಗಿ, ಶಾಫ್ಟು ಮತ್ತು ಚೈನುಗಳ ಮೂಲಕ ನಾಲ್ಕೂ ನಾಜಲ್ ಒಟ್ಟಿಗೇ ತಿರುಗುತ್ತವೆ. ಪೂರ್ತಿ ಹಿಂದಿನಿಂದ ನೇರ ಕೆಳಗೆ, ಅಲ್ಲಿಂದ ಇನ್ನೂ ಸ್ವಲ್ಪ ಮುಂದಕ್ಕೆ, ಒಟ್ಟು 98.5 ಡಿಗ್ರಿ. ಆ ಕೊನೆಯ ತುಸು ಬ್ರೇಕ್ ಹಾಕಲು.

ಪರೀಕ್ಷೆ ಸುಲಭ. ನಾಲ್ಕೂ ನಾಜಲ್ ಬಾಯಿಗೆ ಒಂದೊಂದು ಹಲ್ಲುಕಡ್ಡಿ ಸಿಕ್ಕಿಸಿ ಪಕ್ಕದಿಂದ ನೋಡಿ. ಕಡ್ಡಿಗಳು ಒಂದಕ್ಕೊಂದು ಸಮಾನಾಂತರ ಇರಬೇಕು.

ಇರದಿದ್ದರೆ ನಾಜಲ್ ಬದಲಿಸಬೇಡಿ, ಅದು ಕೂರುವ ಅಡ್ಡ ಕಡ್ಡಿ ನೋಡಿ. ನನ್ನ ಕಿಟ್‌ನ ಮೂಲ ಭಾಗದಲ್ಲಿ ಎಡ ಬಲ ನಾಜಲ್‌ಗಳಿಗೆ ಒಂದೇ ಅಡ್ಡ ಕಡ್ಡಿ ಇತ್ತು. ರೆಸಿನ್ ನಾಜಲ್ ಬಿಡಿಬಿಡಿಯಾಗಿ ಬಂದವು, ಗೂಟ ಮಾತ್ರ. ಆ ಕಡ್ಡಿ ಕತ್ತರಿಸಿ ಎಸೆದ ಕ್ಷಣದಲ್ಲೇ ನಾಲ್ಕೂ ತಮ್ಮ ತಮ್ಮ ದಾರಿ ಹಿಡಿದವು. 1 ಮಿ.ಮೀ. ಹಿತ್ತಾಳೆ ಕಡ್ಡಿಯನ್ನು ಹೊಟ್ಟೆಯ ಒಳಗೆ ಈ ಕಡೆಯಿಂದ ಆ ಕಡೆಗೆ ತೂರಿಸಿ, ಅದರ ತುದಿಗೆ ನಾಜಲ್ ಕೂರಿಸಿದರೆ ಜೋಡಿ ಮತ್ತೆ ಒಂದಾಗುತ್ತದೆ. ಫೆವಿಕ್ವಿಕ್ ಬೇಗ ಹಿಡಿಯುವುದರಿಂದ ಸರಿಪಡಿಸಲು ಸಮಯ ಸಿಗಲ್ಲ. ಇಲ್ಲಿ ಅರಾಲ್ಡೈಟ್ ವಾಸಿ. ಪ್ಲಾಸ್ಟಿಕ್ ಸಿಮೆಂಟ್ ಅಂತೂ ರೆಸಿನ್‌ಗೆ ಹಿಡಿಯುವುದೇ ಇಲ್ಲ. ಅದು ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಅಂಟು, ರೆಸಿನ್ ಅದಕ್ಕೆ ಕರಗಲ್ಲ.

ಮುಂದಿನವನ್ನು ಹಿಂದೆ ಹಾಕುವ ತಪ್ಪೂ ಆಗುತ್ತದೆ. ಬಣ್ಣದಲ್ಲಿ ಅದು ಎದ್ದು ಕಾಣುತ್ತದೆ. ಮುಂದಿನದು ತಣ್ಣನೆಯದು, ಸುಟ್ಟ ಕಲೆ ಬೇಡ. ಹಿಂದಿನದು ಬಿಸಿಯದು, ಅದರ ಹಿಂದೆ ಹೊಟ್ಟೆಯ ಮೇಲೆ ಶಾಖ ತಡೆಯುವ ಲೋಹದ ತಗಡು ಇರುತ್ತದೆ. ತಗಡಿಗೆ ಲೋಹದ ಬಣ್ಣ, ಅದರ ಮೇಲೆ ಮಸಿ.

ಒಂದು ಎಚ್ಚರಿಕೆ. ರೆಕ್ಕೆಯ ತುದಿಯಲ್ಲಿ, ಮೂಗಿನ ಕೆಳಗೆ, ಬಾಲದ ಕೊನೆಯಲ್ಲಿ ಸಣ್ಣ ಕಿಂಡಿಗಳಿವೆ. ಅಚ್ಚಿನ ದೋಷ ಅಂದುಕೊಂಡು ಪುಟ್ಟಿ ಬಳಿಯಬೇಡಿ. ನಿಂತಲ್ಲೇ ನಿಂತಾಗ ವಿಮಾನದ ಮೇಲೆ ಗಾಳಿ ಹರಿಯದ ಕಾರಣ ಸಾಮಾನ್ಯ ಚುಕ್ಕಾಣಿ ಕೆಲಸ ಮಾಡಲ್ಲ. ಎಂಜಿನ್ನಿನಿಂದ ಕದ್ದ ಗಾಳಿಯನ್ನು ಈ ಕಿಂಡಿಗಳಿಂದ ಊದಿಯೇ ಪೈಲಟ್ ಸಮತೋಲ ಹಿಡಿಯುತ್ತಾನೆ. ನಾನು ಎಡ ತುದಿಯದನ್ನು ಬಳಿದು ನುಣ್ಣಗೆ ಮಾಡಿ, ಮರುದಿನ ಮತ್ತೆ ಕೊರೆದೆ.

ಬಾಲ ಕೂರುವುದು, ಮೂಗು ಬಿರಿಯುವುದು

ರೆಸಿನ್ ಪ್ಲಾಸ್ಟಿಕ್‌ಗಿಂತ ಭಾರ. ನಾಜಲ್, ಬಾಲದ ಭಾಗ ಎಲ್ಲಾ ರೆಸಿನ್ ಮಾಡಿದರೆ ತೂಕ ಹಿಂದೆ ಸರಿದು ಮುಂದಿನ ಚಕ್ರ ಏಳುತ್ತದೆ. ಕಿಟ್‌ನ ಕಾಗದದಲ್ಲಿ ಹೇಳಿದ ಮೂಗಿನ ತೂಕ ಮೂಲ ಭಾಗಗಳಿಗೆ ಮಾತ್ರ ಲೆಕ್ಕ. ಟೇಪಿನಲ್ಲಿ ಜೋಡಿಸಿದ ವಿಮಾನವನ್ನು ನಡುವಿನ ಚಕ್ರದ ಜಾಗದಲ್ಲಿ ಪೆನ್ಸಿಲ್ ಮೇಲೆ ಇಟ್ಟು, ಮೂಗು ಕೆಳಗಾಗುವವರೆಗೂ ಸೀಸ ಸೇರಿಸಿ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ನ ಹಳೆಯ ಸೀಸದ ತುಂಡು ಸಿಗುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಸೀಸವನ್ನು ಮರದ ಕೆಲಸದ ಬಿಳಿ ಅಂಟಿನಲ್ಲಿ ಕೂರಿಸಬೇಡಿ. ಹತ್ತು ವರ್ಷದ ಹಿಂದೆ ಮಾಡಿದ ನನ್ನ ಇನ್ನೊಂದು ಮಾದರಿಯ ಮೂಗು ತಾನಾಗಿಯೇ ಸೀಳಿತು. ಕಪಾಟಿನಲ್ಲಿ ಇಟ್ಟದ್ದು, ಯಾರೂ ಮುಟ್ಟಿರಲಿಲ್ಲ. ಸೀಳಿನಲ್ಲಿ ಬಿಳಿ ಪುಡಿ ಕಂಡರೆ ಕಾರಣ ಇದೇ. ಆ ಅಂಟು ಬಿಡುವ ಆಮ್ಲ ಸೀಸವನ್ನು ನಿಧಾನಕ್ಕೆ ತಿಂದು ಬಿಳಿ ಪುಡಿ ಮಾಡುತ್ತದೆ, ಪುಡಿ ಉಬ್ಬಿ ಪ್ಲಾಸ್ಟಿಕ್ ಸೀಳುತ್ತದೆ. ಅರಾಲ್ಡೈಟ್‌ನಲ್ಲಿ ಮುಳುಗಿಸಿದರೆ ಈ ಕಾಟವಿಲ್ಲ.

ಭಾಗ ಸರಿ ಇದೆ, ವಿಮಾನ ಬೇರೆ

ಎಷ್ಟು ಉಜ್ಜಿದರೂ ಕೂರುತ್ತಿಲ್ಲ ಅಂದರೆ ಪ್ಯಾಕೆಟ್ ತಿರುಗಿಸಿ ಹೆಸರು ಓದಿ. ಹ್ಯಾರಿಯರ್ ಅಂದರೆ ಒಂದು ವಿಮಾನವಲ್ಲ, ಎರಡು ತಲೆಮಾರು. ಮೊದಲ ತಲೆಮಾರಿನವು ಜಿಆರ್.3, ಸೀ ಹ್ಯಾರಿಯರ್ ಇತ್ಯಾದಿ. ಎರಡನೆಯದು ಅಮೆರಿಕದ ಎವಿ-8ಬಿ ಮತ್ತು ಅದರ ಬ್ರಿಟಿಷ್ ಅಣ್ಣತಮ್ಮಂದಿರು. ರೆಕ್ಕೆಯೇ ಬೇರೆ. ಎರಡನೆಯದರಲ್ಲಿ ಔಟ್‌ರಿಗರ್ ತುದಿಯಲ್ಲಿಲ್ಲ, ರೆಕ್ಕೆಯ ನಡುವೆ ಬಂದಿದೆ. ಅದರ ಕಾಲು ಇದಕ್ಕೆ ಆಗಲ್ಲ. ಸೀಟೂ ಹಾಗೆ. ಸೀ ಹ್ಯಾರಿಯರ್‌ಗೆ ಮಾರ್ಟಿನ್ ಬೇಕರ್ ಮಾರ್ಕ್ 10, ಜಿಆರ್.3ಕ್ಕೆ ಮಾರ್ಕ್ 9.

ನಮ್ಮ ನೌಕಾಪಡೆಯದು ಮಾಡುವವರಿಗೆ ಬೇಕಾದದ್ದು ಎಫ್‌ಆರ್‌ಎಸ್.51. ಬ್ರಿಟನ್ನಿನ ಎಫ್‌ಆರ್‌ಎಸ್.1ರ ತಮ್ಮ. ಪೆಟ್ಟಿಗೆಯಲ್ಲಿ ಸೈಡ್‌ವೈಂಡರ್ ಕ್ಷಿಪಣಿ ಕೊಟ್ಟಿರುತ್ತಾರೆ, ನಮ್ಮವರು ಬಳಸಿದ್ದು ಫ್ರಾನ್ಸಿನ ಮಾತ್ರಾ ಮ್ಯಾಜಿಕ್. ಬದಲಿ ಭಾಗಕ್ಕೆ ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ಎಫ್‌ಎ.2 ಅಂತ ಬರೆದ ಮೂಗು ತರಿಸಬೇಡಿ. ಅದು ಬೇರೆ ರೇಡಾರ್‌ನ ದಪ್ಪ ಮೂಗು, ಭಾರತಕ್ಕೆ ಆ ಮಾದರಿ ಬರಲೇ ಇಲ್ಲ. ನಮ್ಮಲ್ಲಿ ಕೆಲವು ವಿಮಾನಗಳಿಗೆ ಮುಂದೆ ಇಸ್ರೇಲಿನ ರೇಡಾರ್ ಮತ್ತು ಡರ್ಬಿ ಕ್ಷಿಪಣಿ ಹಾಕಿದರು. ಹಾಗಾಗಿ ಮೊದಲು ಯಾವ ಕಾಲದ್ದು ಮಾಡುತ್ತೀರಿ ಅಂತ ಗಟ್ಟಿ ಮಾಡಿಕೊಳ್ಳಿ. ಆರಂಭದ ಬಣ್ಣ ಮೇಲೆ ಗಾಢ ಬೂದು, ಕೆಳಗೆ ಬಿಳಿ. 1980ರ ದಶಕದ ವಿಮಾನದ ರೆಕ್ಕೆಯಡಿ ಡರ್ಬಿ ತೂಗಿದರೆ ತಿಳಿದವರು ನಗುತ್ತಾರೆ.

ಈ ವಿಮಾನಗಳು 1983ರ ಡಿಸೆಂಬರ್‌ನಲ್ಲಿ ಗೋವಾದ ದಾಬೋಲಿಂಗೆ ಬಂದವು, 2016ರಲ್ಲಿ ಅಲ್ಲಿಯೇ ನಿವೃತ್ತಿಯಾದವು. ಬಿಳಿ ಹುಲಿಯ ಗುರುತಿನ 300ನೇ ಸ್ಕ್ವಾಡ್ರನ್. ಮೊದಲು ವಿಕ್ರಾಂತ್, ಆಮೇಲೆ ವಿರಾಟ್ ಹಡಗಿನಿಂದ ಹಾರಿದವು. ಲಂಬವಾಗಿ ಏರುವ ವಿಮಾನ ಅನ್ನುತ್ತೇವೆ, ಆದರೆ ಹಡಗಿನಿಂದ ಹೊರಡುವಾಗ ಸಾಮಾನ್ಯವಾಗಿ ಓಡಿಯೇ ಏರುತ್ತಿದ್ದವು, ಮುಂದೆ ಮೇಲಕ್ಕೆ ಬಾಗಿದ ಇಳಿಜಾರಿನಿಂದ ಜಿಗಿದು. ನಿಂತಲ್ಲಿಂದ ಎದ್ದರೆ ಹೆಚ್ಚು ಇಂಧನ, ಆಯುಧ ಹೊರಲಾಗದು. ಇಳಿಯುವುದು ಮಾತ್ರ ನೇರ ಕೆಳಗೆ. ಹಾಗಾಗಿ ಪೂರ್ತಿ ಆಯುಧ ತೂಗಿಸಿ, ನಾಜಲ್ ಕೆಳಗೆ ಮಾಡಿ ಗಾಳಿಯಲ್ಲಿ ನಿಲ್ಲಿಸುವ ಪ್ರದರ್ಶನ ನನಗೆ ಅಷ್ಟು ಒಪ್ಪಿಗೆಯಿಲ್ಲ. ಆದರೂ ಮಕ್ಕಳಿಗೆ ಅದೇ ಇಷ್ಟ.

ನಮಗೆ ಗೋವಾ ದೂರವಲ್ಲ. ಚೋರ್ಲಾ ಘಾಟ್ ಇಳಿದರೆ ಮುಗಿಯಿತು. ವಾಸ್ಕೋ ಹತ್ತಿರದ ನೌಕಾ ವಿಮಾನ ಸಂಗ್ರಹಾಲಯದಲ್ಲಿ ನಿಜವಾದ ಸೀ ಹ್ಯಾರಿಯರ್ ಬಯಲಲ್ಲಿ ನಿಂತಿದೆ. ಬೀಚಿಗೆ ಹೋದವರು ಒಂದು ಗಂಟೆ ಬಿಡುವು ಮಾಡಿಕೊಂಡು ಕಾಲು, ನಾಜಲ್, ಹೊಟ್ಟೆಯ ಅಡಿಯ ಫೋಟೋ ತೆಗೆದುಕೊಂಡು ಬನ್ನಿ. ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ. ಬಿಸಿಲು ಮಳೆಗೆ ನಿಂತ ವಿಮಾನಕ್ಕೆ ಮತ್ತೆ ಬಣ್ಣ ಬಳಿದಿರುತ್ತಾರೆ.

ಬಿಡಿಭಾಗದ ಪರದಾಟ ನಮಗೆ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ 2010ರ ಕೊನೆಗೆ ತನ್ನ ಹ್ಯಾರಿಯರ್‌ಗಳನ್ನು ನಿಲ್ಲಿಸಿತು. ಮರುವರ್ಷ ಅಮೆರಿಕ ಅವುಗಳಲ್ಲಿ 72 ವಿಮಾನಗಳನ್ನು, ಎಂಜಿನ್ ಮತ್ತು ಬಿಡಿಭಾಗಗಳ ಸಮೇತ, ಸುಮಾರು 18 ಕೋಟಿ ಡಾಲರ್‌ಗೆ ಕೊಂಡಿತು. ಹಾರಿಸಲು ಅಲ್ಲ. ಬಿಚ್ಚಿ, ತನ್ನ ಎವಿ-8ಬಿಗಳಿಗೆ ಬಿಡಿಭಾಗ ಮಾಡಿಕೊಳ್ಳಲು. ನಾನೂ ಹಳೆಯ ಮುರುಕು ಕಿಟ್‌ಗಳನ್ನು ಎಸೆಯುವುದಿಲ್ಲ. ಮನೆಯವರಿಗೆ ಈ 72ರ ಕಥೆ ಹೇಳಿದ್ದೇನೆ, ಒಪ್ಪಿಲ್ಲ.

ಬಣ್ಣ ಮತ್ತು ನೀರು

ಬಣ್ಣ ಸಿಪ್ಪೆಯಂತೆ ಏಳುತ್ತಿದ್ದರೆ, ಅದೂ ರೆಸಿನ್ ಭಾಗದ ಮೇಲೆ ಮಾತ್ರ, ಭಾಗ ತೊಳೆದಿಲ್ಲ ಅಂತ ಅರ್ಥ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿರುತ್ತದೆ. ಪಾತ್ರೆ ತೊಳೆಯುವ ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬಾಗಿದ ರೆಸಿನ್ ಭಾಗವನ್ನು ಕೈ ಸುಡುವಷ್ಟು ಬಿಸಿ ನೀರಿನಲ್ಲಿ ಅದ್ದಿ, ಸರಿ ಮಾಡಿ, ತಣ್ಣೀರಿಗೆ ಹಾಕಿ. ರೆಸಿನ್ ಉಜ್ಜುವಾಗ ನೀರು ಹಾಕಿಯೇ ಉಜ್ಜಿ. ಒಣ ಪುಡಿ ಎದೆಗೆ ಒಳ್ಳೆಯದಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ಮೇಲೆ ಬಿಳಿ ಮಂಜು ಕಟ್ಟುತ್ತದೆ. ತೇವದ ಗಾಳಿಯ ಕಾಟ, ಬಣ್ಣದ ತಪ್ಪಲ್ಲ. ಗಾಡಿಗೆ ಬಣ್ಣ ಹೊಡೆಯುವವರು ಥಿನ್ನರ್‌ಗೆ ಬಣ್ಣ ನಿಧಾನಕ್ಕೆ ಒಣಗಿಸುವ ರಿಟಾರ್ಡರ್ ಸೇರಿಸುತ್ತಾರೆ. ನೀವು ಸುಮ್ನೆ ಮಳೆ ಬಿಡುವವರೆಗೆ ಕಾಯಿರಿ. ಅವರ ಎನ್‌ಸಿ ಥಿನ್ನರನ್ನು ಬರೀ ಪ್ಲಾಸ್ಟಿಕ್ ಮೇಲೆ ಹಾಕಿದರೆ ಮೈಯೇ ಕರಗುತ್ತದೆ.

ಕೊನೆಯದು ಸ್ಟಿಕ್ಕರ್. ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್. ಬಾಲದ ಹುಲಿಯ ಸುತ್ತ ಒಣಗಿದ ಮೇಲೆ ಬಿಳಿ ಉಂಗುರ ಬಂತು. ಒರೆಸಿದರೆ ಹೋಗುತ್ತದೆ, ಒಣಗಿದರೆ ಮತ್ತೆ ಬರುತ್ತದೆ. ಡೆಕಾಲ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಹಾಳೆ ತರಿಸಲು ಹೊರಟಿದ್ದೆ. ಅಷ್ಟರಲ್ಲಿ ಚಹದ ಪಾತ್ರೆಯ ತಳ ಕಣ್ಣಿಗೆ ಬಿತ್ತು. ಅದೇ ಬಿಳಿ ಉಂಗುರ. ನಾನು ಬಳಸಿದ್ದು ಬೋರ್‌ವೆಲ್ ನೀರು. ಪೆಗಸಸ್ ಎಂಜಿನ್ನಿಗೂ ನೀರು ಕುಡಿಸುತ್ತಾರೆ. ಬಿಸಿಲಿನಲ್ಲಿ ನೇರ ಇಳಿಯುವಾಗ ಎಂಜಿನ್ ತಂಪಾಗಿಸಿ ಹೆಚ್ಚು ಬಲ ತೆಗೆಯಲು ಸುಮಾರು 227 ಲೀಟರ್ ನೀರಿನ ತೊಟ್ಟಿ ಇದೆ, ಒಂದೂವರೆ ನಿಮಿಷದಲ್ಲಿ ಖಾಲಿ. ಅದಕ್ಕೂ ಉಪ್ಪಿಲ್ಲದ ಶುದ್ಧ ನೀರೇ ಬೇಕು, ಇಲ್ಲದಿದ್ದರೆ ಟರ್ಬೈನ್ ಬ್ಲೇಡಿನ ಮೇಲೆ ಇದೇ ಬಿಳಿ ಪದರ ಕಟ್ಟುತ್ತದೆ.

ಪೆಟ್ರೋಲ್ ಬಂಕ್ ಪಕ್ಕದ ಅಂಗಡಿಯಲ್ಲಿ ಒಂದು ಬಾಟಲ್ ಬ್ಯಾಟರಿ ನೀರು ತಂದು ಹುಲಿಯನ್ನು ಒರೆಸಿದೆ. ಉಂಗುರ ಮತ್ತೆ ಬಂದಿಲ್ಲ. ಬಾಟಲಿನಲ್ಲಿ ಉಳಿದ ನೀರು ಕಾಕಾರ ಸ್ಕೂಟರ್ ಬ್ಯಾಟರಿಗೆ ಹೋಯಿತು.